ಹಾಸಿಗೆ ಹೊತ್ತ ನಾಲ್ವರು
(ಲೂರ್ದು ಮಾತೆಯ ಹಬ್ಬದ ಪ್ರಬೋಧನೆ)



ಇಂದು ಫೆಬ್ರವರಿ 11. 1858ರಲ್ಲಿ ಫ್ರಾನ್ಸ್ ದೇಶದ ಲೂರ್ದಿನಲ್ಲಿ ಬೆರ್ನದೆತ್ತ ಎಂಬ ಬಡ ಹುಡುಗಿಗೆ ಮಾತೆ ಮರಿಯಮ್ಮನವರು ಮೊದಲ ದರ್ಶನವಿತ್ತ ದಿನ. ಇದೇ ದಿನವನ್ನು ಸಂತ ಎರಡನೇ ಜಾನ್ ಪಾಲರು 1992ರಲ್ಲಿ ವಿಶ್ವ ರೋಗಿಗಳ ದಿನವೆಂದು ಸಾರಿದರು.

ಸಂತ ಮಾರ್ಕರ ಶುಭಸಂದೇಶದ ಎರಡನೇ ಅಧ್ಯಾಯದಲ್ಲಿ ಒಬ್ಬ ಪಾರ್ಶ್ವವಾಯು ರೋಗಿ ಬರುತ್ತಾನೆ. ನಾಲ್ವರು ಅವನನ್ನು ಹೊತ್ತು ತರುತ್ತಾರೆ. ಬಾಗಿಲಲ್ಲಿ ಜನಜಂಗುಳಿ. ಆದರೂ ಅವರು ಹಿಂದಿರುಗುವುದಿಲ್ಲ. ಮಾಳಿಗೆ ಹತ್ತಿ, ಚಾವಣಿ ತೆಗೆದು, ಹಾಸಿಗೆಯನ್ನು ಕೆಳಗಿಳಿಸುತ್ತಾರೆ. ಯೇಸುಸ್ವಾಮಿ ಮೊದಲು ಗಮನಿಸಿದ್ದು ಹೊತ್ತು ತಂದವರ ವಿಶ್ವಾಸವನ್ನು.

ಇಂದು ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 1 ಕೋಟಿ 20 ಲಕ್ಷ ಜನರಿಗೆ ಸ್ಟ್ರೋಕ್, ಅಂದರೆ ನಾವು ಲಕ್ವ ಎನ್ನುವ ರೋಗ ತಗಲುತ್ತದೆ. ಬಹುಪಾಲು ಜನ ನಮ್ಮಂಥ ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳವರು. ಆಸ್ಪತ್ರೆಯಿಂದ ಬೇಗ ಮನೆಗೆ ಕಳಿಸುತ್ತಾರೆ. ನಿಜವಾದ ಭಾರ ಅಲ್ಲಿಂದ ಶುರು.

ನಾನೂ ಒಂದು ತಪ್ಪೊಪ್ಪಿಕೊಳ್ಳಬೇಕು. ಗಾರೆ ಕೆಲಸದ ಒಬ್ಬರಿಗೆ ಲಕ್ವ ಹೊಡೆದಿತ್ತು. ಪ್ರತಿ ಮೊದಲ ಶುಕ್ರವಾರ ಪರಮಪ್ರಸಾದ ಕೊಂಡೊಯ್ಯುತ್ತಿದ್ದೆ. ಒಂದು ದಿನ ಅವರ ಪತ್ನಿ ಹೇಳಿದರು: "ಫಾದರ್, ಪ್ರಾರ್ಥನೆಗೆ ಎಲ್ಲರೂ ಬರ್ತಾರೆ. ಬೆಳಿಗ್ಗೆ ಇವರನ್ನ ಕಕ್ಕಸಿಗೆ ಎತ್ಕೊಂಡು ಹೋಗೋಕೆ ಯಾರೂ ಇಲ್ಲ." ಆಕೆ ಕೂಲಿ ಬಿಟ್ಟಿದ್ದರು. ಮಗಳು ಶಾಲೆ ಬಿಟ್ಟಿದ್ದಳು. ಎರಡು ವರ್ಷ ಆ ಮನೆಗೆ ಹೋಗಿಯೂ ನಾನು ಅದನ್ನು ಕೇಳಿರಲಿಲ್ಲ.

ಇಂಥವರಿಗೆ ಏನು ಬೇಕು? ನೆಲದ ಕಕ್ಕಸಿನಲ್ಲಿ ಕೂರಲಾಗದವರಿಗೆ ಒಂದು ಕಮೋಡ್ ಕುರ್ಚಿ, ಗೋಡೆಗೊಂದು ಹಿಡಿಕೆ. ಹೊರಳಲಾಗದವರನ್ನು ಎರಡು ಮೂರು ಗಂಟೆಗೊಮ್ಮೆ ಮಗ್ಗುಲು ಬದಲಿಸುವ ಕೈ. ಇಲ್ಲವಾದರೆ ಬೆನ್ನು ಹುಣ್ಣಾಗುತ್ತದೆ. ಮಲಗಿಸಿಯೇ ಗಂಜಿ ಕುಡಿಸಬಾರದು, ಶ್ವಾಸಕೋಶಕ್ಕೆ ಹೋದೀತು; ನೆಟ್ಟಗೆ ಕೂರಿಸಿ ನಿಧಾನವಾಗಿ ಕೊಡಬೇಕು. ದುಡ್ಡಿಲ್ಲವೆಂದು ರಕ್ತದೊತ್ತಡದ ಮಾತ್ರೆ ನಿಲ್ಲಬಾರದು. ನಿಂತರೆ ಮತ್ತೊಮ್ಮೆ ಹೊಡೆಯುವ ಅಪಾಯ ಹೆಚ್ಚು. ಮಾತು ಹೋಯಿತೆಂದರೆ ಬುದ್ಧಿಯೂ ಹೋಯಿತೆಂದಲ್ಲ. ಅವರೆದುರೇ "ಇವರಿಗೇನೂ ತಿಳಿಯಲ್ಲ" ಎನ್ನಬೇಡಿ.

ಮನೆಯವರೇ ಕಲಿತು ನೋಡಿಕೊಂಡರೆ ಸಾಲದೇ ಎಂದು ನೀವು ಕೇಳಬಹುದು. ಭಾರತದ 14 ಆಸ್ಪತ್ರೆಗಳ 1,250 ರೋಗಿಗಳಲ್ಲಿ ಇದನ್ನು ಪರೀಕ್ಷಿಸಿದರು. ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಮನೆಯವರಿಗೆ ತರಬೇತಿ ಕೊಟ್ಟರೂ ಆರು ತಿಂಗಳ ಹೊತ್ತಿಗೆ ಸಾವಾಗಲಿ, ಪರಾವಲಂಬನೆಯಾಗಲಿ ಕಡಿಮೆಯಾಗಿರಲಿಲ್ಲ. ಇದು ಮನೆಯವರ ಪ್ರೀತಿಯ ಕೊರತೆಯಲ್ಲ. ಎಲ್ಲವನ್ನೂ ಅವರ ತಲೆಗೆ ಕಟ್ಟಿ ನಾವು ಕೈತೊಳೆದುಕೊಳ್ಳಲಾಗದು. ಹಾಸಿಗೆಗೆ ನಾಲ್ಕು ಮೂಲೆ; ಒಬ್ಬಳೇ ಹೆಂಡತಿ ನಾಲ್ಕನ್ನೂ ಹಿಡಿಯಲಾರಳು.

ಆದ್ದರಿಂದ ಪ್ರತಿ ಕಿರು ಕ್ರೈಸ್ತ ಸಮುದಾಯವೂ ತನ್ನ ಬೀದಿಯಲ್ಲಿ ಇಂಥ ಮನೆಯನ್ನು ಹುಡುಕಲಿ. ಒಬ್ಬರು ಮಾತ್ರೆ ತಂದುಕೊಡಲಿ. ಒಬ್ಬರು ಸ್ನಾನಕ್ಕೆ ಕೈಹಿಡಿಯಲಿ. ಒಬ್ಬರು ಆಟೋದಲ್ಲಿ ಫಿಸಿಯೋಥೆರಪಿಗೆ, ಅಂಗವಿಕಲರ ಗುರುತುಚೀಟಿಗೆ ಕರೆದೊಯ್ಯಲಿ. ಇನ್ನೊಬ್ಬರು ಎರಡು ಗಂಟೆ ಪಕ್ಕದಲ್ಲಿ ಕೂತಿರಲಿ, ಆ ತಾಯಿ ಪೂಜೆಗೆ ಬರಲಿ, ಇಲ್ಲವೇ ಸುಮ್ಮನೆ ನಿದ್ದೆ ಮಾಡಲಿ.

ಈಗ ವಾರ್ಡಿನ ಇಬ್ಬರು ಯುವಕರು ದಿನವೂ ಬೆಳಿಗ್ಗೆ ಆ ಮನೆಗೆ ಹೋಗುತ್ತಾರೆ. ಆ ಸಹೋದರರು ಎದ್ದು ನಡೆದಿಲ್ಲ. ಮಗಳು ಮಾತ್ರ ಶಾಲೆಗೆ ಮರಳಿದ್ದಾಳೆ.

ಎಲಿಜಬೇತಮ್ಮನವರ ಮನೆಗೆ ಅವಸರದಿಂದ ಹೋಗಿ ಮೂರು ತಿಂಗಳು ಜೊತೆಗಿದ್ದ ಮಾತೆ ಮರಿಯಮ್ಮನವರು ನಮ್ಮನ್ನೂ ನೆರೆಮನೆಗೆ ಕರೆದೊಯ್ಯಲಿ. ಆಮೆನ್.