ಬಗ್ಗದ ಚೆಂಡು



ಬಾಳೆಯೆಲೆಯನ್ನು ಸುರುಳಿ ಸುತ್ತಿದರೆ ಅದರ ಆಕಾರ ಬದಲಾಗುತ್ತದೆ. ಆದರೆ ಅದರ ಮೇಲೆ ಹರಿದಾಡುವ ಇರುವೆಗೆ ಆ ಬದಲಾವಣೆಯ ಸುಳಿವೇ ಹತ್ತದು. ನಡೆಯಬೇಕಾದ ದೂರಗಳೆಲ್ಲ ಮೊದಲಿನಷ್ಟೇ. ಹಿಗ್ಗಿಸದೆ, ಕುಗ್ಗಿಸದೆ, ಹರಿಯದೆ ಹೀಗೆ ಆಕಾರ ಬದಲಿಸುವುದು ಚೆಂಡಿಗೂ ಸಾಧ್ಯವೇ?

ಮೇಲ್ಮೈಯೊಂದರ ಎರಡು ಮುಖ್ಯ ದಿಕ್ಕುಗಳ ವಕ್ರತೆಯ ಗುಣಲಬ್ಧವನ್ನು ಇರುವೆಯೇ, ಮೇಲ್ಮೈಯನ್ನು ಬಿಟ್ಟೇಳದೆ, ಅಳೆಯಬಲ್ಲದೆಂದು ಗೌಸ್ 1827ರಲ್ಲಿ ತೋರಿಸಿದನು. ಎಲೆಯಲ್ಲಿ ಆ ಗುಣಲಬ್ಧ ಸೊನ್ನೆ. ಚೆಂಡಿನಲ್ಲಿ ಸೊನ್ನೆಯಲ್ಲ, ಎಲ್ಲೆಡೆಯೂ ಸಮಾನ. ಇದನ್ನೇ ಆಧರಿಸಿ ಲೀಬ್‌ಮನ್ 1899ರಲ್ಲಿ ಗೋಳವು ಬಗ್ಗದೆಂದು ಸಾಧಿಸಿದನು. 1927ರಲ್ಲಿ ಕೋನ್-ಫೋಸೆನ್ ಆ ಮಾತನ್ನು ಮೊಟ್ಟೆಯಂಥ ಉಬ್ಬಿದ, ಮುಚ್ಚಿದ ಮೇಲ್ಮೈಗಳಿಗೂ ವಿಸ್ತರಿಸಿದನು. ಯಹೂದಿಯೆಂಬ ಕಾರಣಕ್ಕೆ 1933ರಲ್ಲಿ ಜರ್ಮನಿಯಲ್ಲಿ ಹುದ್ದೆ ಕಳೆದುಕೊಂಡ ಆತ 1936ರಲ್ಲಿ ಮಾಸ್ಕೋದಲ್ಲಿ ತೀರಿಕೊಂಡನು.

ತರಗತಿಯಲ್ಲಿ ನಾನು ವರ್ಷಗಟ್ಟಲೆ “ಚೆಂಡು ಬಗ್ಗದು” ಎಂದಷ್ಟೇ ಹೇಳುತ್ತಿದ್ದೆ. ಒಮ್ಮೆ ವಿದ್ಯಾರ್ಥಿನಿಯೊಬ್ಬಳು ತಗ್ಗುಬಿದ್ದ ಟೇಬಲ್ ಟೆನಿಸ್ ಚೆಂಡೊಂದನ್ನು ಮೇಜಿನ ಮೇಲಿಟ್ಟು, “ಇದು ಬಗ್ಗಿದೆಯಲ್ಲ, ಸಾರ್?” ಎಂದಳು. ನಿಜವೇ. ಚೆಂಡಿನ ಒಂದು ಟೊಪ್ಪಿಯಷ್ಟು ಭಾಗವನ್ನು ಕನ್ನಡಿಯ ಬಿಂಬದಂತೆ ಒಳಮುಖ ಮಾಡಿದರೆ ಇರುವೆಯ ಲೆಕ್ಕ ಕೂದಲೆಳೆಯಷ್ಟೂ ತಪ್ಪುವುದಿಲ್ಲ. “ನುಣುಪಾಗಿದ್ದರೆ” ಎಂಬ ಷರತ್ತನ್ನು ನಾನು ನುಂಗಿಬಿಟ್ಟಿದ್ದೆ. ತಗ್ಗಿನ ಸುತ್ತಲಿನ ಏಣನ್ನು ತೋರಿಸಿ, ಗೆದ್ದವನಂತೆ ಕುಳಿತೆ.

“ಏಣಿಲ್ಲದೆ ಆಗುವುದೇ ಇಲ್ಲವೇ?”

“ಆಗುವುದೇ ಇಲ್ಲ” ಎಂದೆ.

ನ್ಯಾಶ್ 1954ರಲ್ಲಿ, ಕೈಪರ್ 1955ರಲ್ಲಿ ಪ್ರಕಟಿಸಿದ ಪ್ರಮೇಯಗಳನ್ನು ನಾನು ಓದಿದ್ದು ಆಕೆ ಕಾಲೇಜು ಬಿಟ್ಟ ಮೇಲೆ. ಅವುಗಳ ಪ್ರಕಾರ, ಎಲ್ಲಿಯೂ ಏಣು ಮೂಡದೆ, ಪ್ರತಿ ಬಿಂದುವಿನಲ್ಲೂ ಸ್ಪರ್ಶತಲವಿರುವಂತೆಯೇ, ಚೆಂಡಿನ ಮೇಲ್ಮೈಯನ್ನು ಸಾಸಿವೆಯಷ್ಟು ಜಾಗದಲ್ಲಿ ಅಡಗಿಸಬಹುದು. ಇರುವೆಯ ಒಂದು ಹೆಜ್ಜೆಯೂ ವ್ಯತ್ಯಾಸವಾಗದು! ಮೊದಲು ಮೇಲ್ಮೈಯನ್ನು ಕುಗ್ಗಿಸಬೇಕು. ಕಳೆದುಹೋದ ಉದ್ದವನ್ನು ಸಣ್ಣ ಅಲೆಗಳಿಂದ ತುಂಬಿಕೊಳ್ಳಬೇಕು. ಆ ಅಲೆಗಳ ಮೇಲೆ ಇನ್ನೂ ಸಣ್ಣ ಅಲೆ, ಅವುಗಳ ಮೇಲೆ ಮತ್ತೂ ಸಣ್ಣವು, ಹೀಗೆ ಕೊನೆಯಿಲ್ಲದೆ. ಅಂಥ ಮೇಲ್ಮೈಯಲ್ಲಿ ವಕ್ರತೆಗೆ ಎಲ್ಲೆಡೆ ನಿಶ್ಚಿತ ಬೆಲೆ ದೊರೆಯದು. ಆದ್ದರಿಂದ ಗೌಸನ ನಿಯಮಕ್ಕೆ ಅಲ್ಲಿ ಹಿಡಿತವಿಲ್ಲ. ಕೋನ್-ಫೋಸೆನ್ ಹೇಳಿದ್ದೇನೂ ಸುಳ್ಳಾಗಲಿಲ್ಲ. ಸುಳ್ಳಾದದ್ದು ನನ್ನ ಮಾತು.

ಚದರ ಹಾಳೆಯೊಂದನ್ನು ಇದೇ ಉಪಾಯದಿಂದ, ಅಳತೆ ಕೆಡದಂತೆ, ಉದ್ದಿನವಡೆಯ ಆಕಾರಕ್ಕೆ ತಂದರೆ ಹೇಗೆ ಕಂಡೀತೆಂಬುದನ್ನು ಫ್ರಾನ್ಸಿನ ಗಣಿತಜ್ಞರು 2012ರಲ್ಲಿ ಗಣಕಯಂತ್ರದ ನೆರವಿನಿಂದ ಚಿತ್ರಿಸಿದರು. ಮೈಯೆಲ್ಲ ನಿರಿಗೆಯ ಮೇಲೆ ನಿರಿಗೆ.

ಆ ಹುಡುಗಿ ಈಗ ಎಲ್ಲಿರುವಳೋ ತಿಳಿಯದು. ಈ ಹೊತ್ತು ರೇಡಿಯೋ ಹಾಕಿಕೊಂಡಿದ್ದರೆ ಕೇಳಲಿ: ಏಣಿಲ್ಲದೆಯೂ ಆಗುತ್ತದೆ, ತಾಯಿ.