ಬಾಟಲ್ ಬ್ರಷ್ ಮರದ ಇಳಿಗೊಂಬೆಗಳನ್ನು ಸವರುವ ಬಗೆ



ತೋಟದ ಮನೆಯ ಮುಂದೆ, ಶಾಲೆಯ ಅಂಗಳದಲ್ಲಿ ಕೆಂಪು ಕುಂಚದಂತಹ ಹೂ ಬಿಡುವ ಬಾಟಲ್ ಬ್ರಷ್ ಮರವನ್ನು ಬಹುಮಂದಿ ನೋಡಿರುತ್ತೀರಿ. ಇದು ಪೂರ್ವ ಆಸ್ಟ್ರೇಲಿಯಾದ ಹೊಳೆದಂಡೆಗಳ ಮರ. ಇಳಿಗೊಂಬೆಯ ಜಾತಿಗೆ ಕ್ಯಾಲಿಸ್ಟೆಮಾನ್ ವಿಮಿನಾಲಿಸ್ ಎಂದು ಹೆಸರು. ಬುಟ್ಟಿ ಹೆಣೆಯುವ ಕಡ್ಡಿಯಂತೆ ಬಳುಕುವುದು ಎಂಬ ಅರ್ಥ ಅದರಲ್ಲಿದೆ. ಈ ಬಳುಕೇ ಮರದ ಚೆಲುವು. ಅದು ಕೆಡುವುದು ಹೆಚ್ಚಾಗಿ ಕತ್ತರಿಯಿಂದಲೇ.

ಜೋತುಬಿದ್ದ ತುದಿಗಳನ್ನೆಲ್ಲ ಹುಡುಗರ ಕ್ರಾಪಿನಂತೆ ಒಂದೇ ಮಟ್ಟಕ್ಕೆ ಸವರಿಬಿಡುವ ರೂಢಿ ಉಂಟು. ಆಗ ಪ್ರತಿ ಮೊಂಡು ತುದಿಯಲ್ಲೂ ಹಲವು ಚಿಗುರು ಒತ್ತಾಗಿ ಹೊರಟು ಕೊಂಬೆ ಪೊರಕೆಯಾಗುತ್ತದೆ. ನೆತ್ತಿ ಕಡಿಯುವುದು ಇನ್ನೂ ಕೇಡು. ಮೊಂಡಿನಿಂದ ನೆಟ್ಟಗೆ ಏಳುವ ಕೊಂಬೆಗಳಿಗೆ ಬುಡದಲ್ಲಿ ಗಟ್ಟಿ ಹಿಡಿತವಿರುವುದಿಲ್ಲ. ದಪ್ಪವಾದ ಮೇಲೆ ಗಾಳಿಮಳೆಗೆ ಸೀಳಿ ಬೀಳುತ್ತವೆ. ಕೆಳಗೆ ದನ ಕಟ್ಟುವವರು, ಮಕ್ಕಳನ್ನು ಆಡಬಿಡುವವರು ಇದನ್ನು ಗಮನದಲ್ಲಿಡಬೇಕು.

ನೆಲ ಮುಟ್ಟುವ ಕೊಂಬೆಯನ್ನು ನಡುವೆ ತುಂಡರಿಸದೆ, ಕೆಳಕ್ಕೆ ಬಾಗಿದ ಪಕ್ಕದ ಕವಲೊಂದು ಸಿಕ್ಕುವವರೆಗೆ ಹಿಂದಕ್ಕೆ ಹೋಗಿ ಅಲ್ಲಿ ಕತ್ತರಿಸಬೇಕು. ಕತ್ತರಿಸಿದ ಗುರುತು ಎಲೆಗಳಲ್ಲಿ ಮರೆಯಾಗುತ್ತದೆ. ಒಳಗಿನ ಒಣಕಡ್ಡಿ, ಒಂದಕ್ಕೊಂದು ಉಜ್ಜುವ ಕವಲುಗಳನ್ನು ಬುಡದಿಂದ ತೆಗೆಯಿರಿ. ಒಂದು ಸಲಕ್ಕೆ ಹಸಿರಿನ ಕಾಲು ಭಾಗಕ್ಕಿಂತ ಹೆಚ್ಚು ಹೋಗಬಾರದು.

ದಪ್ಪ ಕೊಂಬೆ ಕಾಂಡಕ್ಕೆ ಸೇರುವಲ್ಲಿ ಉಂಗುರದಂತಹ ಉಬ್ಬು ಕಾಣುತ್ತದೆ. ಮರ ಗಾಯ ಮುಚ್ಚಿಕೊಳ್ಳುವುದು ಅಲ್ಲಿಂದಲೇ; ಅದಕ್ಕೆ ಗರಗಸ ತಾಗಬಾರದು. ಮೊದಲು ಕಾಂಡದಿಂದ ಒಂದು ಅಡಿ ದೂರದಲ್ಲಿ ಕೊಂಬೆಯ ಅಡಿಯಿಂದ ಮೂರನೇ ಒಂದು ಭಾಗ ಕೊಯ್ಯಿರಿ. ಅದಕ್ಕಿಂತ ತುಸು ಹೊರಗೆ ಮೇಲಿನಿಂದ ಕೊಯ್ದರೆ ತೊಗಟೆ ಸುಲಿಯದೆ ಕೊಂಬೆ ಬೀಳುತ್ತದೆ. ಉಳಿದ ಮೋಟನ್ನು ಉಬ್ಬಿನ ಹೊರಮಗ್ಗುಲಲ್ಲಿ ತೆಗೆಯಿರಿ. ಮಚ್ಚಿನ ಕೆಲಸ ಇದಲ್ಲ. ಗಾಯಕ್ಕೆ ಡಾಂಬರು ಬಳಿಯುವ ಅಗತ್ಯವೂ ಇಲ್ಲ.

ಕಾಲದ ವಿಷಯ. ಈ ಮರದ ಹೂಗೊಂಚಲು ಕಡ್ಡಿಯ ಕೊನೆಯಲ್ಲ. ತುದಿಯ ಮೊಗ್ಗು ಹೂವನ್ನು ದಾಟಿ ಮುಂದೆ ಬೆಳೆಯುತ್ತದೆ. ಹಿಂದೆ ಉಳಿಯುವ ಗಟ್ಟಿ ಕಾಯಿಗಳು ಮಣಿಗಳಂತೆ ವರ್ಷಗಟ್ಟಲೆ ಅಂಟಿಕೊಂಡಿರುತ್ತವೆ. ಮುಖ್ಯ ಹೂವು ಮುಗಿದೊಡನೆ, ಬಾಡಿದ ಗೊಂಚಲಿನ ತುಸು ಹಿಂದೆ ಕತ್ತರಿಸಿದರೆ ಹೊಸ ಚಿಗುರು ಬಂದು ಅದರಲ್ಲಿ ಹೂವಾಗುತ್ತದೆ. ತಡಮಾಡಿ ಸವರಿದರೆ ಮುಂದಿನ ಹೂವೇ ಕತ್ತರಿಗೆ ಸಿಕ್ಕೀತು. ಹೂ ತುಂಬಿರುವಾಗಲಂತೂ ಮುಟ್ಟಬೇಡಿ: ಜೇನುನೊಣ, ಸೂರಕ್ಕಿಗಳಿಗೆ ಅದು ಮಕರಂದದ ಕಾಲ.

ಎಳೆ ಗಿಡಕ್ಕೆ ಊರುಗೋಲು ಕಟ್ಟಿ, ಒಂದೇ ನೆಟ್ಟನೆಯ ಕಾಂಡವನ್ನು ಆರೇಳು ಅಡಿಯವರೆಗೆ ಬೆಳೆಸಬೇಕು. ಕೆಳಗಿನ ಕವಲುಗಳನ್ನು ಒಂದೇ ಸಲ ತೆಗೆಯದೆ ಎರಡು ಮೂರು ವರ್ಷಗಳಲ್ಲಿ ತೆಗೆದರೆ ಕಾಂಡ ಬಲಿಯುತ್ತದೆ. ವಿದ್ಯುತ್ ತಂತಿಯ ಕೆಳಗೆ ಮಾತ್ರ ಇದನ್ನು ನೆಡಬೇಡಿ; ಅಲ್ಲಿ ವರ್ಷ ವರ್ಷವೂ ನೆತ್ತಿ ಕಡಿಸುವುದು ತಪ್ಪುವುದಿಲ್ಲ.