ಮುಖ್ಯಕಾರ್ಯವೂ ಸಂಚಾರವೂ



ವಿಶಾಲವಾದೊಂದು ಕಲ್ಪಿತ ಲೋಕದಲ್ಲಿ ವೀರನ ಪಾತ್ರ ವಹಿಸಿ ಮನಬಂದೆಡೆ ಸಂಚರಿಸುವ ವಿಡಿಯೋ ಆಟಗಳು ನಮ್ಮ ಮಕ್ಕಳಿಗೆ ಪರಿಚಿತವಾಗಿವೆ. ಅವುಗಳಲ್ಲಿ ವೀರನಿಗೊಂದು ಮುಖ್ಯಕಾರ್ಯವಿರುತ್ತದೆ. ಅದು ಸಂಚಾರಕ್ಕೆ ನೆರವೋ ಅಡ್ಡಿಯೋ ಎಂಬುದೇ ಇಂದು ನಾವು ವಿಚಾರಿಸತಕ್ಕ ವಿಷಯ.

2015ರಲ್ಲಿ ಪ್ರಕಟವಾದ ‘ದಿ ವಿಚರ್ 3’ ಆಟದಲ್ಲಿ ಗೆರಾಲ್ಟನು, ಶತ್ರುಗಳು ಬೆನ್ನಟ್ಟಿರುವ ತನ್ನ ಸಾಕುಮಗಳಾದ ಸಿರಿಯನ್ನು ಅರಸಬೇಕು. ಆದರೂ ಊರೂರಿನಲ್ಲಿ ಕಾರ್ಡಿನಾಟವಾಡುತ್ತ ದಿನ ಕಳೆದರೆ ಕೇಡೇನೂ ಆಗದು. ಕಥೆಯು ತ್ವರೆಪಡಿಸುತ್ತದೆ, ಲೋಕವು ಸೆಳೆಯುತ್ತದೆ. ಅಡ್ಡದಾರಿ ಹಿಡಿದವನ ಮನಸ್ಸು ಚುಚ್ಚುತ್ತದೆ.

2002ರ ‘ಮೊರೋವಿಂಡ್’ ಆಟದ ಕ್ರಮವೇ ಬೇರೆ. ಅಲ್ಲಿ ಕಾರ್ಯವನ್ನೊಪ್ಪಿಸುವ ಹಿರಿಯನೇ ಕೈಗೆ ಹಣವಿತ್ತು, ಮೊದಲು ಲೋಕಾನುಭವ ಗಳಿಸಿ ಬರುವಂತೆ ಹೇಳಿ ಕಳುಹಿಸುತ್ತಾನೆ. 2017ರ ‘ಬ್ರೆತ್ ಆಫ್ ದಿ ವೈಲ್ಡ್’ನಲ್ಲಿ ಶತ್ರುವಿನ ಕೋಟೆಯು ದೂರದಿಂದಲೇ ಕಾಣುತ್ತದೆ. ಆರಂಭದ ಪ್ರಸ್ಥಭೂಮಿಯನ್ನು ದಾಟಿದೊಡನೆ ನೇರವಾಗಿ ಅಲ್ಲಿಗೆ ನಡೆಯಬಹುದು. ಆದರೆ ಸಿದ್ಧತೆಯಿಲ್ಲದವನಿಗೆ ಗೆಲುವು ಬಹು ಕಷ್ಟ. ಆದುದರಿಂದ ಬೆಟ್ಟ ಹತ್ತಿ, ಗುಡಿಗಳನ್ನು ಹುಡುಕಿ ಬಲ ಗಳಿಸುವ ಅಲೆದಾಟವೇ ಕಾರ್ಯದ ಅಂಗವಾಗುತ್ತದೆ.

ಪರೀಕ್ಷೆಯೆಂಬ ಮುಖ್ಯಕಾರ್ಯವನ್ನು ಮಕ್ಕಳ ಮುಂದಿಟ್ಟಿರುವ ನಾವು, ಪಾಠದಾಚೆಯ ಪುಸ್ತಕವನ್ನು ತೆರೆದ ಮಗುವನ್ನು ಗದರಿಸುವ ಮುನ್ನ ಆ ಹಿರಿಯನನ್ನು ನೆನೆಯೋಣ. ವಿದ್ಯಾರ್ಥಿಗಳಾದರೋ, ಅಲೆದು ಗಳಿಸಿದ ಬಲದೊಡನೆ ಕೋಟೆಯ ಬಾಗಿಲಿಗೆ ಬರುವುದನ್ನು ಮರೆಯದಿರಲಿ.